ಮೊಂತಿ ಹಬ್ಬವೂ ಹಬ್ಬದ ಮನೆಗೆ ಹೋಗುವ ರೀತಿಯೂ

ಕಳೆದ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ನಮ್ಮ ಒಂಬತ್ತನೆಯ ತರಗತಿಯಲ್ಲಿ ಒಂದು ಸಣ್ಣ ಕಲಹವುಂಟಾಯಿತು. ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುವ ಇಬ್ಬರು ಹುಡುಗಿಯರು ಎಂಟು ದಿವಸ ಮಾತು ಬಿಟ್ಟರು. ಒಬ್ಬಳು ರೋಮನ್ ಕಥೋಲಿಕ ಮನೆಯವಳು; ಇನ್ನೊಬ್ಬಳು ತುಳುವರ ಮನೆಯ ಹಿಂದೂ ಹುಡುಗಿ. ಈ ಎರಡನೆಯವಳು ಸ್ನೇಹಿತೆಯ ಮನೆಯಲ್ಲಿ ಹಬ್ಬವೆಂದು ಕೇಳಿ, ಯಾರೂ ಕರೆಯದಿದ್ದರೂ ಪ್ರೀತಿಯಿಂದ, ಸೆಪ್ಟೆಂಬರ್ 8ರ ಮಧ್ಯಾಹ್ನ ಹನ್ನೆರಡೂವರೆ ಗಂಟೆಗೆ ಸರಿಯಾಗಿ ಅಲ್ಲಿಗೆ ಹೋದಳು. ಆಕೆಯನ್ನು ಜಗಲಿಯಲ್ಲಿ ಕೂರಿಸಿದರು. ಒಳಗೆ ಪ್ರಾರ್ಥನೆಯ ಧ್ವನಿ ಕೇಳಿಸಿತು. ಬಾಗಿಲು ಅರ್ಧ ಮುಚ್ಚಿತ್ತು. ಕಾಲುಗಂಟೆ ಕಳೆದರೂ ಯಾರೂ ಒಳಕ್ಕೆ ಕರೆಯಲಿಲ್ಲ. ಹುಡುಗಿಯು ಎದ್ದು ಅಳುತ್ತಾ ಮನೆಗೆ ಮರಳಿದಳು. ತನ್ನ ಜಾತಿಯನ್ನು ನೋಡಿ ಹೊರಗೆ ಕೂರಿಸಿದರೆಂದು ಆಕೆ ತಿಳಿದುಕೊಂಡಿದ್ದಳು. ಹೇಳದೆಯೇ ಎದ್ದುಹೋದವಳು ತಮ್ಮ ಹಬ್ಬವನ್ನು ಹಳಿದಳೆಂದು ಮತ್ತೊಬ್ಬಳು ತಿಳಿದುಕೊಂಡಿದ್ದಳು.

ಈ ಮಾತು ನಮ್ಮ ಕಿವಿಗೆ ಬಿದ್ದಾಗ ಹುಡುಗಿಯರಿಗಿಂತ ಹೆಚ್ಚಾಗಿ ಉಪಾಧ್ಯಾಯಿನಿಯರಾದ ನಮಗೆ ನಾಚಿಕೆಯಾಯಿತು. ರೋಮ್ ರಾಜ್ಯದ ಚರಿತ್ರೆಯನ್ನೂ ಪಾಲೆಸ್ತೀನದ ಬೆಟ್ಟಗುಡ್ಡಗಳನ್ನೂ ನಕಾಶೆಯಲ್ಲಿ ತೋರಿಸುವ ನಾವು, ಶಾಲೆಯಿಂದ ಎರಡು ಫರ್ಲಾಂಗು ದೂರದ ಇಗರ್ಜಿಯಲ್ಲಿ ವರ್ಷಕ್ಕೊಮ್ಮೆ ನಡೆಯುವುದು ಏನೆಂದು ಒಂದು ದಿನವಾದರೂ ಹೇಳಿಕೊಟ್ಟಿರಲಿಲ್ಲ. ಆದುದರಿಂದ ಈ ಪಾಠ.

ಸೆಪ್ಟೆಂಬರ್ 8ನೆಯ ತಾರೀಕು ಯೇಸುಕ್ರಿಸ್ತನ ತಾಯಿಯಾದ ಮರಿಯಮ್ಮನವರ ಜನನದ ಹಬ್ಬ. ಡಿಸೆಂಬರ್ 8ರಂದು ಆಕೆಯು ಗರ್ಭದಲ್ಲಿ ಉದಿಸಿದ ಹಬ್ಬವನ್ನು ಕಥೋಲಿಕರು ಆಚರಿಸುವರು. ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರೆ ಈ ದಿನ ಬರುವುದು. ಹಬ್ಬವು ಮೊದಲು ಪೂರ್ವದೇಶದ ಸಭೆಗಳಲ್ಲಿ ಹುಟ್ಟಿ, ಕ್ರಿ.ಶ. 7ನೆಯ ಶತಮಾನದಲ್ಲಿ ರೋಮಿಗೆ ಬಂದಿತು. 687ರಿಂದ 701ರ ವರೆಗೆ ಪೋಪರಾಗಿದ್ದ ಮೊದಲನೆಯ ಸೆರ್ಜಿಯುಸರು ಈ ದಿನ ರೋಮಿನಲ್ಲಿ ಮೆರವಣಿಗೆಯನ್ನು ಏರ್ಪಡಿಸಿದರು. ಆ ಸಭೆಯ ಪಂಚಾಂಗದಲ್ಲಿ ಹುಟ್ಟಿದ ದಿನವನ್ನು ಆಚರಿಸುವುದು ಮೂವರದು ಮಾತ್ರ: ಕ್ರಿಸ್ತನದು, ಸ್ನಾನಿಕ ಯೋಹಾನನದು, ಮರಿಯಮ್ಮನವರದು. ಉಳಿದ ಸಂತರಿಗೆ ಸಾಮಾನ್ಯವಾಗಿ ಸತ್ತ ದಿನವೇ ಹಬ್ಬದ ದಿನ.

ಮರಿಯಮ್ಮನವರು ಎಲ್ಲಿ, ಯಾವಾಗ ಹುಟ್ಟಿದರೆಂದು ನಾಲ್ಕು ಸುವಾರ್ತೆಗಳಲ್ಲಿ ಒಂದರಲ್ಲಿಯೂ ಬರೆದಿಲ್ಲ. ತಂದೆ ಯೋವಾಕಿಮ, ತಾಯಿ ಅನ್ನಾ ಎಂಬ ಹೆಸರುಗಳು ಎರಡನೆಯ ಶತಮಾನದ ಬೇರೊಂದು ಗ್ರಂಥದಿಂದ ಬಂದವು. ನಮ್ಮ ಪ್ರಾಟೆಸ್ಟಂಟ್ ಸಭೆಯ ಹುಡುಗಿಯರು ಇದನ್ನು ಹಿಡಿದುಕೊಂಡು ವಾದಿಸುವುದನ್ನು ನಾವು ಕೇಳಿದ್ದೇವೆ. ವಾದವು ಸುಳ್ಳಲ್ಲ, ಆದರೆ ನೆರೆಮನೆಯಲ್ಲಿ ಮಗುವಿನ ಹುಟ್ಟುಹಬ್ಬ ನಡೆಯುವಾಗ ಜನನಪತ್ರವನ್ನು ಕೇಳಲು ಹೋಗುವವರು ಒಳ್ಳೆಯ ನೆರೆಯವರಲ್ಲ.

ಈ ಹಬ್ಬಕ್ಕೆ ನಮ್ಮ ಜಿಲ್ಲೆಯಲ್ಲಿ ಮೊಂತಿ ಎಂಬ ಹೆಸರು ಏಕೆ? ಪೋರ್ತುಗೀಸ್ ಭಾಷೆಯಲ್ಲಿ ಮೊಂತೆ ಎಂದರೆ ಬೆಟ್ಟ. ಮಂಗಳೂರಿನ ಪೂರ್ವಕ್ಕೆ ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿ ಮೊಂತೆ ಮರಿಯಾನೊ, ಅಂದರೆ ಮರಿಯಮ್ಮನವರ ಬೆಟ್ಟ, ಎಂಬ ಹೆಸರಿನ ಇಗರ್ಜಿಯಿದೆ. ಗೋವೆಯಿಂದ ಬಂದ ಯೋವಾಕಿಮ್ ಮಿರಾಂದರೆಂಬ ಪಾದ್ರಿಗಳು 1763ರಲ್ಲಿ ಇಲ್ಲಿ ಈ ಹಬ್ಬವನ್ನು ಆರಂಭಿಸಿದರೆಂದು ಕಥೋಲಿಕರು ಹೇಳುತ್ತಾ ಬಂದಿದ್ದಾರೆ. ಕೊಂಕಣಿ ಮಾತಾಡುವ ಈ ಜನರು ಗೋವೆಯನ್ನು ಬಿಟ್ಟು ತಂಡತಂಡವಾಗಿ ದಕ್ಷಿಣಕ್ಕೆ ಬಂದವರು. ಗೋವೆಯಲ್ಲಿ ಅವರ ನೆಂಟರು ಇಂದಿಗೂ ಆಗಸ್ಟ್ ತಿಂಗಳಲ್ಲಿ ತೆನೆಯ ಹಬ್ಬವನ್ನು ಮಾಡುವರು. ಬರುವಾಗ ದೇವರನ್ನು ಬದಲಿಸಿದವರು ಗದ್ದೆಯನ್ನು ಬದಲಿಸಲಿಲ್ಲ. ಹೊಸ ಭತ್ತದ ಮೊದಲ ತೆನೆಯನ್ನು ದೇವರ ಮುಂದಿಡದೆ ಬಾಯಿಗೆ ಹಾಕಬಾರದೆಂಬ ಅಜ್ಜಂದಿರ ನಿಯಮವು ಇಗರ್ಜಿಯ ಬಾಗಿಲನ್ನು ದಾಟಿ ಒಳಕ್ಕೆ ಬಂದಿತು.

1784ರಲ್ಲಿ ಟಿಪ್ಪು ಸುಲ್ತಾನನು ಕೆನರಾ ಸೀಮೆಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಅನೇಕರು. ಉಳಿದವರು ಬಿಡುಗಡೆ ಹೊಂದಿದ್ದು 1799ರಲ್ಲಿ. ಹದಿನೈದು ವರ್ಷಗಳ ಬಳಿಕ ಹರಿದುಹೋದ ಸಂಸಾರಗಳನ್ನು ಹೊಲಿದುಕೊಂಡ ಜನರು, ವರ್ಷಕ್ಕೊಮ್ಮೆ ಮನೆಯವರನ್ನು ಒಬ್ಬೊಬ್ಬರಾಗಿ ಎಣಿಸಿ ಪಾಲು ಹಾಕುವ ಹಬ್ಬವನ್ನು ಇಷ್ಟು ಬಿಗಿಯಾಗಿ ಹಿಡಿದುಕೊಂಡಿರುವುದು ನಮಗೆ ಆಶ್ಚರ್ಯವಾಗಿ ಕಾಣುವುದಿಲ್ಲ.

ಇನ್ನು ಹಬ್ಬದ ನಡೆಯನ್ನು ಹೇಳುವೆವು. ಅದರಲ್ಲಿ ಎರಡು ಭಾಗಗಳಿವೆ, ಮತ್ತು ನಮ್ಮ ಹುಡುಗಿಯರ ಕಲಹಕ್ಕೆ ಕಾರಣ ಈ ಎರಡನ್ನೂ ಒಂದೆಂದು ತಿಳಿದದ್ದೇ. ಮೊದಲಿನ ಒಂಬತ್ತು ದಿನಗಳು ಊರಿನವು. ಹತ್ತನೆಯ ದಿನದ ಮಧ್ಯಾಹ್ನವು ಮನೆಯದು.

ಆಗಸ್ಟ್ 30ರಿಂದ ನವೇನ ಎಂಬ ಒಂಬತ್ತು ದಿನದ ಪ್ರಾರ್ಥನೆ ಆರಂಭವಾಗುವುದು. ಅಂದಿನಿಂದ ಊರಿನ ಹೂವುಗಳಿಗೆ ವಿಶ್ರಾಂತಿಯಿಲ್ಲ. ಬೆಳಿಗ್ಗೆ ಮಕ್ಕಳು ಬುಟ್ಟಿ, ತಟ್ಟೆ, ಅದಿಲ್ಲದಿದ್ದರೆ ಕೆಸುವಿನ ಎಲೆಯ ಪೊಟ್ಟಣ, ಯಾವುದಾದರೊಂದನ್ನು ಹಿಡಿದುಕೊಂಡು ಹಿತ್ತಲಿಂದ ಹಿತ್ತಲಿಗೆ ಹೋಗುವರು. ಆಟಿಯ ಮಳೆ ಹಿಂದಾಗಿ ಸೋಣ ತಿಂಗಳ ಬಿಸಿಲು ಆಗಾಗ ಇಣುಕುವ ಕಾಲವಾದುದರಿಂದ ದಾಸವಾಳ, ಗೊಂಡೆ, ಕರ್ಣಕುಂಡಲ, ನಂದಿಬಟ್ಟಲು, ಶಂಖಪುಷ್ಪ ಎಲ್ಲವೂ ಅರಳಿರುವುವು; ಹಿತ್ತಲಿಲ್ಲದವರು ಗುಡ್ಡೆಗೆ ಹೋಗಿ ಕಾಡುಹೂವನ್ನು ಕೊಯ್ಯುವರು. ಇಗರ್ಜಿಯಲ್ಲಿ ಬಾಲಮರಿಯಮ್ಮನ ಪುಟ್ಟ ವಿಗ್ರಹವನ್ನು ಅಲಂಕರಿಸಿ ಇಟ್ಟಿರುವರು. (ತೊಟ್ಟಿಲ ಕೂಸಿನ ರೂಪದ ಇಂಥ ವಿಗ್ರಹದ ಭಕ್ತಿಯು ಇಟಲಿಯ ಮಿಲಾನ್ ನಗರದಿಂದ ಹಬ್ಬಿದ್ದು, ಅಲ್ಲಿಯ ಕನ್ಯಾಸ್ತ್ರೀಯರ ಮಠದಲ್ಲಿರುವ ಮೂಲ ವಿಗ್ರಹವು ಮೇಣದ್ದು, 18ನೆಯ ಶತಮಾನದ್ದು.) ಪೂಜೆಯಾದ ಮೇಲೆ ಮಕ್ಕಳು ಸಾಲಾಗಿ ನಿಂತು, ಕೊಂಕಣಿ ಹಾಡಿಗೆ ಸರಿಯಾಗಿ ಎಸಳುಗಳನ್ನು ವಿಗ್ರಹದ ಮುಂದೆ ಎರಚುವರು. ಸಣ್ಣ ಮಕ್ಕಳು ಮುಂದಿನವನ ತಲೆಯ ಮೇಲೆ ಎರಚುವರು. ಯಾರೂ ಗದರಿಸುವುದಿಲ್ಲ.

ಈ ಹೂವು ಯಾರ ಹಿತ್ತಲಿನದು ಎಂಬುದನ್ನು ನೋಡಿರಿ. ಕಥೋಲಿಕರ ಮಕ್ಕಳು ಹಿಂದೂಗಳ ಮನೆಗೆ ಹೋಗಿ ಕೇಳುವರು, ಬ್ಯಾರಿಗಳ ಮನೆಗೆ ಹೋಗಿ ಕೇಳುವರು, ನಮ್ಮ ಸಭೆಯವರ ಮನೆಗೂ ಬರುವರು. ಮನೆಯಾಕೆಯು ತನ್ನ ಪೂಜೆಗೆ ಬೇಕಾದುದನ್ನು ತೆಗೆದಿಟ್ಟು ಉಳಿದುದನ್ನು ಕೊಡುವಳು. ಚೌತಿಯು ಹತ್ತಿರ ಬಂದ ವರ್ಷ ಹೂವಿಗೆ ಕಷ್ಟವಾಗುವುದು. 2024ರಲ್ಲಿ ಗಣೇಶ ಚತುರ್ಥಿಯು ಸೆಪ್ಟೆಂಬರ್ 7ರಂದು, ಮೊಂತಿಯು ಮರುದಿನ. ಆ ವರ್ಷ ಒಂದೇ ಗಿಡದ ದಾಸವಾಳವು ಒಂದು ದಿನ ಗಣಪತಿಗೂ ಮರುದಿನ ಮರಿಯಮ್ಮನಿಗೂ ಹೋದುದನ್ನು ನಾವು ನಮ್ಮ ಬೀದಿಯಲ್ಲಿಯೇ ಕಂಡಿದ್ದೇವೆ.

ನಮ್ಮ ಸಭೆಯ ಒಬ್ಬ ಹುಡುಗಿ ಒಮ್ಮೆ ನಮ್ಮನ್ನು ಕೇಳಿದಳು: ನಾವು ಮರಿಯಮ್ಮನವರಿಗೆ ಪ್ರಾರ್ಥಿಸುವವರಲ್ಲವಲ್ಲ, ಹೂವು ಕೊಡಬಹುದೇ? ನಾವು ಹೇಳಿದ್ದಿಷ್ಟು: ಹೂವು ಕೇಳಿದ್ದು ಮರಿಯಮ್ಮನಲ್ಲ, ಪಕ್ಕದ ಮನೆಯ ಆರು ವರ್ಷದ ಹುಡುಗ. ಅವನ ಬುಟ್ಟಿಗೆ ಹಾಕು.

ಎಂಟನೆಯ ತಾರೀಕಿನ ಬೆಳಿಗ್ಗೆ ತೆನೆಯ ಹೊತ್ತು. ನಮ್ಮ ಕಡೆಯಲ್ಲಿ ಮಳೆಗಾಲದ ಮೊದಲ ಬೆಳೆಯನ್ನು ಏಣೆಲು ಎನ್ನುವರು. ಅದು ಪೂರ್ಣವಾಗಿ ಕೊಯ್ಲಿಗೆ ಬರಲು ಇನ್ನೂ ದಿನಗಳಿದ್ದರೂ ಬೇಗ ಬಿತ್ತಿದ ಗದ್ದೆಗಳಲ್ಲಿ ಅಷ್ಟರೊಳಗೆ ತೆನೆ ಬಲಿತಿರುವುದು. ಅದನ್ನು ಕೊಯ್ದು ಕಟ್ಟುಗಳಾಗಿ ಮಾಡಿ, ಇಗರ್ಜಿಯಿಂದ ಸ್ವಲ್ಪ ದೂರದ ಶಿಲುಬೆಯ ಬಳಿಯಲ್ಲಾಗಲಿ ಬಯಲಿನಲ್ಲಾಗಲಿ ಇಡುವರು. ಪಾದ್ರಿಗಳು ತೆನೆಯನ್ನು ಆಶೀರ್ವದಿಸಿದ ಮೇಲೆ ಬ್ಯಾಂಡು, ಕೊಡೆ, ಹೂವಿನ ಬುಟ್ಟಿಗಳೊಂದಿಗೆ ಮೆರವಣಿಗೆ ಹೊರಟು ಇಗರ್ಜಿಯನ್ನು ಸೇರುವುದು. ರಸ್ತೆಯ ಬದಿಯಲ್ಲಿ ಎಲ್ಲ ಮತದವರೂ ನಿಂತು ನೋಡುವರು. ಪೂಜೆಯ ಬಳಿಕ ಪ್ರತಿ ಸಂಸಾರಕ್ಕೂ ತೆನೆಯನ್ನು ಹಂಚುವರು. ಒಂಬತ್ತು ದಿನ ಹೂವು ತಂದ ಮಕ್ಕಳಿಗೆ ಕಬ್ಬು. ಮಕ್ಕಳ ದೃಷ್ಟಿಯಲ್ಲಿ ಹಬ್ಬವೆಂದರೆ ಈ ಕಬ್ಬೇ. ಅವರ ಎತ್ತರಕ್ಕಿಂತ ಉದ್ದದ ಜಲ್ಲೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಮನೆಯ ವರೆಗೆ ಸಿಗಿಯುತ್ತಾ ಹೋಗುವರು.

ಯಾಜಕಕಾಂಡದ 23ನೆಯ ಅಧ್ಯಾಯವನ್ನು ಓದಿದ ಹುಡುಗಿಯರಿಗೆ ಇದು ಹೊಸದಾಗಿ ಕಾಣಲಿಕ್ಕಿಲ್ಲ. ಪ್ರಥಮಫಲದ ಸಿವುಡನ್ನು ಯಾಜಕನ ಬಳಿಗೆ ತರಬೇಕೆಂದೂ, ಅದನ್ನು ತರುವ ತನಕ ಹೊಸ ಧಾನ್ಯವನ್ನು ತಿನ್ನಬಾರದೆಂದೂ ಇಸ್ರಾಯೇಲ್ಯರಿಗೆ ವಿಧಿಯಿತ್ತು. ನಮ್ಮ ಸಭೆಯವರೂ ಬೆಳೆಹಬ್ಬದಲ್ಲಿ ಕುಂಬಳಕಾಯಿ, ಬಾಳೆಗೊನೆ, ತೆಂಗಿನಕಾಯಿಗಳನ್ನು ದೇವಾಲಯಕ್ಕೆ ತಂದು ಏಲಂ ಮಾಡುವರಷ್ಟೆ. ನಮ್ಮದು ಏಲಂ, ಅವರದು ಪಾಲು. ಎರಡರಲ್ಲಿ ಹೆಚ್ಚು ಹಳೆಯದು ಯಾವುದೆಂದು ಹೇಳಬೇಕಾಗಿಲ್ಲ.

ಇನ್ನು ಮಧ್ಯಾಹ್ನ. ತಂದ ತೆನೆಯನ್ನು ಮನೆಯ ದೇವರಪೀಠದ ಮುಂದಿಟ್ಟು ಮೇಣದಬತ್ತಿ ಹಚ್ಚುವರು. ಮನೆಯವರೆಲ್ಲರೂ ಮೊಣಕಾಲೂರುವರು. ಕಾಳುಗಳನ್ನು ಸುಲಿದು ಅಕ್ಕಿಯನ್ನು ಅರೆದೋ ಪುಡಿಮಾಡಿಯೋ ತೆಂಗಿನ ಹಾಲಿನಲ್ಲಿ ಅಥವಾ ಪಾಯಸದಲ್ಲಿ ಸೇರಿಸುವರು. ಇದಕ್ಕೆ ನೊವೆಂ ಎಂದು ಹೆಸರು. ಹೊಸತು ಎಂದೇ ಅರ್ಥ. ಮನೆಯ ಹಿರಿಯರು ಪ್ರಾರ್ಥನೆಯನ್ನು ಹೇಳಿ, ವಯಸ್ಸಿನ ಕ್ರಮದಲ್ಲಿ ಒಬ್ಬೊಬ್ಬರಿಗೂ ಹಂಚುವರು. ಹಬ್ಬಕ್ಕೆ ಕೊಂಕಣಿಯಲ್ಲಿ ಕುಟ್ಮಾಚೆಂ ಫೆಸ್ತ್, ಅಂದರೆ ಕುಟುಂಬದ ಹಬ್ಬ, ಎಂಬ ಹೆಸರು ಬಂದಿರುವುದು ಇದಕ್ಕಾಗಿಯೇ. ಬೇರೆ ಬೇರೆ ಊರುಗಳಲ್ಲಿರುವ ಅಣ್ಣತಮ್ಮಂದಿರು ಈ ದಿನ ಮೂಲಮನೆಗೆ ಬರಬೇಕು. ಬರಲಾಗದವರ ಪಾಲನ್ನು ತೆಗೆದಿಡುವರು. ಮುಂಬಯಿಗೂ ಕೊಲ್ಲಿ ದೇಶಗಳಿಗೂ ಅಮೇರಿಕೆಗೂ ಲಕೋಟೆಯೊಳಗೆ ನಾಲ್ಕು ಕಾಳನ್ನೋ ಚಿಟಿಕೆ ಪುಡಿಯನ್ನೋ ಇಟ್ಟು ಕಳುಹಿಸುವರು. ತಲುಪಿದವರು ಅದನ್ನು ತಮ್ಮ ಅಡುಗೆಯಲ್ಲಿ ಹಾಕಿಕೊಳ್ಳುವರು. ಹಡಗಿನ ಕೆಲಸಕ್ಕೆ ಹೋದ ಮಗನ ಪಾಲು, ಕನ್ಯಾಸ್ತ್ರೀಯಾಗಿ ಮಠ ಸೇರಿದ ಮಗಳ ಪಾಲು, ಎಲ್ಲವೂ ಆ ದಿನ ಬಾಯಿಲೆಕ್ಕದಲ್ಲಿ ಬರುವುದು. ತಾಯಿಯು ಎಣಿಸುವಾಗ ಒಂದು ಹೆಸರಿನ ಬಳಿ ತಡೆದು ನಿಂತು, ಆಮೇಲೆ ಮುಂದಿನ ಹೆಸರಿಗೆ ಹೋಗುವುದೂ ಉಂಟು.

ಊಟವು ಬಾಳೆ ಎಲೆಯ ಮೇಲೆ. ಮೀನುಮಾಂಸಗಳಿಲ್ಲದೆ ಹಬ್ಬವೇ ಇಲ್ಲವೆನ್ನುವ ಈ ಜನರು ಅಂದು ಅವೆರಡನ್ನೂ ಮುಟ್ಟುವುದಿಲ್ಲ. ಪಲ್ಯ ಸಾರುಗಳ ಸಂಖ್ಯೆ ಬೆಸವಾಗಿರಬೇಕು: ಮೂರು, ಐದು, ಏಳು, ಅನುಕೂಲವಿದ್ದವರಲ್ಲಿ ಒಂಬತ್ತು. ಕೆಸುವಿನ ದಂಟಿಗೆ ಅಮಟೆಕಾಯಿ ಹಾಕಿದ ಪದಾರ್ಥ, ಬೆಂಡೆ, ಹೀರೆ, ಅಳಸಂಡೆ, ಹರಿವೆ, ಸೌತೆ, ಕಡಲೆ. ಎಲ್ಲವೂ ಮಳೆಗಾಲದ ಹಿತ್ತಲಿನವೇ. ಪೇಟೆಯಲ್ಲಿ ಈ ವಾರ ಬೆಂಡೆಕಾಯಿಯ ಬೆಲೆ ಏರುವುದನ್ನು ನಮ್ಮ ಬೋರ್ಡಿಂಗಿನ ಲೆಕ್ಕದ ಪುಸ್ತಕವೇ ಹೇಳುವುದು.

ಜಗಲಿಯಲ್ಲಿ ಕುಳಿತ ಹುಡುಗಿಯ ಕಡೆಗೆ ಈಗ ಬರೋಣ. ಆಕೆಯು ಬಂದದ್ದು ನೊವೆಂ ಹಂಚುವ ಹೊತ್ತಿಗೆ. ನಾವು ಕಂಡ ಮನೆಗಳಲ್ಲಿ ಆ ಹೊತ್ತಿನಲ್ಲಿ ಹೊರಗಿನವರನ್ನು ಒಳಕ್ಕೆ ಕರೆಯುವ ಪದ್ಧತಿಯಿಲ್ಲ. ಮತದವರೇ ಆಗಿರಲಿ, ಮಗನ ಆಪ್ತ ಸ್ನೇಹಿತನೇ ಆಗಿರಲಿ, ಕಾಯುವನು. ಇದು ಮೈಲಿಗೆಯ ಮಾತಲ್ಲ, ಎಣಿಕೆಯ ಮಾತು. ಆ ಹುಡುಗಿಗೆ ನಾವು ಹೇಳಿದೆವು: ನಿಮ್ಮ ಮನೆಯಲ್ಲಿ ಹೊಸ ಅಕ್ಕಿಯ ಊಟ ಹೇಗೆ ನಡೆಯುವುದು ಎಂದು ಅಜ್ಜಿಯನ್ನು ಕೇಳಿಕೊಂಡು ಬಾ. ಮರುದಿನ ಬಂದು ಹೇಳಿದಳು. ತೆನೆಯನ್ನು ತಂದು ತುಳಸಿಕಟ್ಟೆಯ ಬಳಿ ಇಟ್ಟು, ಮಾವಿನ ಎಲೆ ಹಲಸಿನ ಎಲೆಗಳ ಸಂಗಡ ಸೇರಿಸಿ ಕಂಬಕ್ಕೂ ಕಣಜಕ್ಕೂ ಕಟ್ಟುವರಂತೆ. ಪುದ್ದಾರಿನ ದಿನ ಹಿರಿಯರು ಕೂತ ಮೇಲೆ ಮನೆಯವರೆಲ್ಲ ಸಾಲಾಗಿ ಕೂತು, ಮೊದಲ ತುತ್ತನ್ನು ಕಿರಿಯರು ಹಿರಿಯರ ಅಪ್ಪಣೆ ಕೇಳಿ ಉಣ್ಣುವರಂತೆ. ಆ ಸಾಲಿನಲ್ಲಿ ಹೊರಗಿನವರು ಕೂರುವುದಿಲ್ಲವಂತೆ. ಕೊಡಗಿನ ಪುತ್ತರಿಯಲ್ಲಿಯೂ ಮನೆತನದವರು ಐನ್‌ಮನೆಯಲ್ಲಿ ಕೂಡಿ ಕದಿರು ತೆಗೆಯುವರೆಂದು ಅಲ್ಲಿಂದ ಬಂದ ನಮ್ಮ ಇನ್ನೊಬ್ಬ ವಿದ್ಯಾರ್ಥಿನಿಯು ಕೂಡಿಸಿದಳು.

ಆದರೂ ಮೊದಲನೆಯ ಹುಡುಗಿಯ ಸಂಶಯವು ಆಧಾರವಿಲ್ಲದ್ದೆಂದು ನಾವು ಹೇಳಲಾರೆವು. ಈ ಜಿಲ್ಲೆಯಲ್ಲಿ ಜಗಲಿಯಲ್ಲಿ ಕೂರಿಸುವುದಕ್ಕೆ ಬೇರೊಂದು ಅರ್ಥ ಬಹುಕಾಲ ಇತ್ತು. ಕ್ರೈಸ್ತರಲ್ಲಿಯೂ ಜಾತಿಯ ಎಣಿಕೆ ಉಳಿದಿತ್ತು. ಕಥೋಲಿಕರಲ್ಲಿ ಮದುವೆಯ ಮಾತಿನಲ್ಲಿ ಅದು ಕಾಣುತ್ತಿತ್ತು, ನಮ್ಮ ಸಭೆಯವರೂ ಅದರಿಂದ ಪೂರ್ಣವಾಗಿ ಕೈತೊಳೆದವರಲ್ಲ. ಆದುದರಿಂದ ಹಬ್ಬದ ಮನೆಯವರಿಗೂ ಒಂದು ಮಾತು ಹೇಳಬೇಕು. ಬಾಗಿಲನ್ನು ಅರ್ಧ ಮುಚ್ಚುವ ಮೊದಲು ಜಗಲಿಯಲ್ಲಿರುವವಳಿಗೆ ಕಾರಣವನ್ನು ಹೇಳಿ ಹೋಗುವುದಕ್ಕೆ ಅರ್ಧ ನಿಮಿಷ ಸಾಕು. ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿ ಪ್ರಥಮಫಲವನ್ನು ಅರ್ಪಿಸಿದ ಮೇಲೆ ಸಂತೋಷಪಡಬೇಕಾದವರ ಸಾಲಿನಲ್ಲಿ ಮನೆಯವರಷ್ಟೇ ಅಲ್ಲದೆ ಅವರ ನಡುವಿರುವ ಪರದೇಶಿಯೂ ಸೇರಿದ್ದಾನೆ.

ಹಾಗಾದರೆ ಯಾವಾಗ ಹೋಗಬೇಕು? ಒಂಬತ್ತು ದಿನಗಳಲ್ಲಿ ಯಾವಾಗಲಾದರೂ ಹೋಗಬಹುದು. ಹೂವಿನೊಂದಿಗೆ ಹೋದರೆ ಇನ್ನೂ ಒಳ್ಳೆಯದು. ಹಬ್ಬದ ದಿನ ಸಂಜೆ ನಾಲ್ಕರ ಮೇಲೆ, ಅಥವಾ ಮರುದಿನ. ಕೆಲವು ಮನೆಗಳವರು ಈಗೀಗ ನೊವೆಂ ಹಂಚಿಯಾದ ಬಳಿಕ ನೆರೆಯವರನ್ನು ಊಟಕ್ಕೂ ಕರೆಯುತ್ತಾರೆ. ಕರೆದರೆ ಅವರು ಹೇಳಿದ ಗಂಟೆಗೆ ಹೋಗಬೇಕು, ಮೊದಲು ಹೋಗಬಾರದು. ಕೈಯಲ್ಲಿ ತರಕಾರಿಯನ್ನೋ ಹಣ್ಣನ್ನೋ ಒಯ್ಯಬಹುದು. ನೊವೆಂ ನನಗೂ ಕೊಡಿ ಎಂದು ಕೇಳುವುದು ಸಲ್ಲದು. ಅವರಾಗಿಯೇ ಕೊಟ್ಟರೆ ಬಲಗೈಯಲ್ಲಿ ತೆಗೆದುಕೊಂಡು, ಕೆಳಗೆ ಬೀಳಿಸದೆ ತಿನ್ನಬೇಕು. ಮೆರವಣಿಗೆಯು ಎದುರಾದರೆ ಬದಿಗೆ ನಿಂತು ದಾರಿ ಬಿಡಬೇಕು; ಮನಸ್ಸೊಪ್ಪದ ಪ್ರಾರ್ಥನೆಯನ್ನು ಯಾರೂ ಬಾಯಲ್ಲಿ ಆಡಬೇಕಾಗಿಲ್ಲ, ಮೌನವಾಗಿ ನಿಂತರೆ ಯಾರೂ ತಪ್ಪು ತಿಳಿಯುವುದಿಲ್ಲ. ಈಗಿನ ಹುಡುಗಿಯರು ಎಲ್ಲದಕ್ಕೂ ಮೊಬೈಲ್ ಎತ್ತುತ್ತಾರೆ. ಮೊಣಕಾಲೂರಿದವರ ಚಿತ್ರವನ್ನು ಅವರಿಗೆ ತಿಳಿಯದಂತೆ ತೆಗೆಯುವುದು ಬಾಗಿಲ ಸಂದಿಯಿಂದ ಇಣುಕಿದ ಹಾಗೆಯೇ.

ಹಬ್ಬದ ಒಂದು ಭಾಗವು ನಮ್ಮ ಕಣ್ಣಮುಂದೆಯೇ ಕಷ್ಟಕ್ಕೆ ಬಂದಿದೆ. ಹಿಂದೆ ತೆನೆಯು ಆಯಾ ಊರಿನ ಗದ್ದೆಯದೇ ಆಗಿತ್ತು. ಈಗ ಗದ್ದೆಗಳಲ್ಲಿ ಹಲವು ಅಡಿಕೆತೋಟಗಳಾದವು, ಹಲವು ಮನೆಯ ನಿವೇಶನಗಳಾದವು, ಹಲವು ಹಡಿಲು ಬಿದ್ದವು. ಕೆಲವು ಇಗರ್ಜಿಗಳ ಯುವಕರು ಹಡಿಲು ಗದ್ದೆಯನ್ನು ಉತ್ತು ಹಬ್ಬಕ್ಕೆ ಬೇಕಾಗುವಷ್ಟು ಭತ್ತವನ್ನು ಬೆಳೆಸುತ್ತಾರೆ. ಕೆಲವು ಕಡೆ ಬೇರೆ ಊರಿನಿಂದ ತೆನೆಯನ್ನು ತರಿಸುತ್ತಾರೆ. ಮುಂಬಯಿ ಬೆಂಗಳೂರುಗಳಲ್ಲಿ ನೆಲೆಸಿದವರಿಗೆ ಊರಿನಿಂದಲೇ ಕಟ್ಟು ಹೋಗಬೇಕು. 2020ರಲ್ಲಿ ಕೊರೋನಾ ರೋಗದ ಕಾರಣದಿಂದ ಹಬ್ಬವು ಮೆರವಣಿಗೆಯ ಸಂಭ್ರಮವಿಲ್ಲದೆ ಸರಳವಾಗಿ ನಡೆಯಿತು. ಮನೆಯೊಳಗಿನ ಎಣಿಕೆ ಮಾತ್ರ ನಿಲ್ಲಲಿಲ್ಲ.

ಎಣಿಕೆಯ ವಿಷಯದಲ್ಲಿ ನಮ್ಮ ಹುಡುಗಿಯರು ಕೇಳುವ ಪ್ರಶ್ನೆಯೊಂದಿದೆ: ಮದುವೆಯಾಗಿ ಹೋದ ಮಗಳ ಪಾಲು ಯಾವ ಮನೆಯಲ್ಲಿ? ಪದ್ಧತಿಯಂತೆ ಗಂಡನ ಮನೆಯಲ್ಲಿ. ಆದರೆ ತವರಿನಲ್ಲಿಯೂ ಒಂದು ಪಾಲನ್ನು ಸದ್ದಿಲ್ಲದೆ ತೆಗೆದಿಡುವ ತಾಯಂದಿರನ್ನು ನಾವು ಬಲ್ಲೆವು. ಭಾರತದ ಕಥೋಲಿಕ ಸಭೆಯು ಸೆಪ್ಟೆಂಬರ್ 8ನ್ನು ಹೆಣ್ಣುಮಕ್ಕಳ ದಿನವೆಂದೂ ಆಚರಿಸುತ್ತಿದೆ. ಹೆಣ್ಣು ಹುಟ್ಟಿತೆಂದರೆ ಮುಖ ಬಾಡಿಸುವ ಮನೆಗಳು ಇನ್ನೂ ಇರುವ ನಾಡಿನಲ್ಲಿ, ಒಂದು ಹೆಣ್ಣುಕೂಸಿನ ಹುಟ್ಟಿಗೆ ಊರಿನ ಮಕ್ಕಳೆಲ್ಲ ಒಂಬತ್ತು ದಿನ ಹೂವು ಹೊರುವುದು ಹೆಣ್ಣುಮಕ್ಕಳ ಶಾಲೆಯವರಾದ ನಮಗೆ ಸಣ್ಣ ಸಂಗತಿಯಾಗಿ ತೋರುವುದಿಲ್ಲ.

ಈ ವರ್ಷ ಆಗಸ್ಟ್ 30ರಂದು ಆ ಇಬ್ಬರು ಹುಡುಗಿಯರೂ ಒಂದೇ ಬುಟ್ಟಿಯನ್ನು ಹಿಡಿದುಕೊಂಡು ಶಾಲೆಯ ಅಂಗಳದ ನಂದಿಬಟ್ಟಲನ್ನು ಕೇಳಲು ನಮ್ಮ ಕೋಣೆಗೆ ಬಂದರು. ಕಥೋಲಿಕ ಹುಡುಗಿಯ ಅಜ್ಜಿಯಿಂದ ಎಂಟನೆಯ ತಾರೀಕು ಸಂಜೆ ನಾಲ್ಕಕ್ಕೆ ಬರಬೇಕೆಂದು ಕರೆಯೂ ಬಂದಿತ್ತು. ಇನ್ನೊಬ್ಬಳು ತಾಯಿ ಬೆಳೆಸಿದ ಕೆಂಪು ಹರಿವೆಯ ಒಂದು ಕಟ್ಟನ್ನು ಒಯ್ದಳು. ಮರುದಿನ ನಡೆದುದನ್ನು ನಮಗೆ ತಿಳಿಸಿದಳು. ಬಾಯಮ್ಮನವರು ಆಕೆಯನ್ನು ಒಳಗಿನ ಬೆಂಚಿನ ಮೇಲೆ ಕೂರಿಸಿ, ಪಾಯಸ ಕೊಟ್ಟು, ನಿಮ್ಮ ಮನೆಯಲ್ಲಿ ಎಷ್ಟು ಮಂದಿ ಮಗಾ ಎಂದು ಕೇಳಿದರಂತೆ. ಐದು ಎಂದಳಂತೆ. ಆಮೇಲೆ ನೆನಪಾಗಿ, ಅಕ್ಕ ಬೆಂಗಳೂರಿನಲ್ಲಿ ಕಲಿಯುತ್ತಾಳೆ, ಅವಳು ಇಲ್ಲಿಲ್ಲ ಎಂದಳಂತೆ. ಅಜ್ಜಿಯು ಕತ್ತಿಯನ್ನು ತೆಗೆದುಕೊಂಡು ಕಬ್ಬನ್ನು ಗೇಣುದ್ದಕ್ಕೆ ತುಂಡರಿಸಿ, ಐದನ್ನೂ ಎಣಿಸಿ, ಬಾಳೆನಾರಿನಿಂದ ಕಟ್ಟಿ ಕೈಗೆ ಕೊಟ್ಟರಂತೆ.